ಒಂದೊಂದು ಓಟಿಗೆ ಒಂದೊಂದು ಸದ್ದು

ಮಧುಗಿರಿಯಲ್ಲಿ ಓದುವಾಗ ಮೂರು ವರ್ಷವೂ ಚರ್ಚಾಸ್ಪರ್ಧೆಯ ಶೀಲ್ಡು ನನ್ನದೇ. ಹೀಗಿರುವಾಗ, ಕಳ್ಳಂಬೆಳ್ಳದ ಹತ್ತಿರದ ನಮ್ಮೂರ ಸಂಘದ ಕಾರ್ಯದರ್ಶಿ ಸ್ಥಾನಕ್ಕೆ ನಿಂತಾಗ ಗೆಲುವಿನ ಬಗ್ಗೆ ನನಗೆ ಯಾವ ಅನುಮಾನವೂ ಇರಲಿಲ್ಲ. ಅನುಮಾನವಿದ್ದದ್ದು ಮಿಷಿನ್ನಿನ ಮೇಲೆ.

ಕೇರಳದಲ್ಲಿ ಮಿಷಿನ್ನಿನಲ್ಲಿ ಓಟು ಹಾಕಿಸಿದರಂತೆ ಎಂದು ಪೇಪರಿನಲ್ಲಿ ಬಂದದ್ದೇ ತಡ, ನಮ್ಮ ಸಂಘಕ್ಕೂ ಅದೇ ಬೇಕಾಯಿತು. ಶಿರಾದಲ್ಲಿ ರೇಡಿಯೋ ರಿಪೇರಿ ಮಾಡುವ ಖಾದರಣ್ಣ ಒಂದು ಮರದ ಪೆಟ್ಟಿಗೆ ಮಾಡಿಕೊಟ್ಟ. ಮೇಲೆ ಎರಡು ಗುಂಡಿ, ಒಳಗೆ ಎಣಿಸುವ ಚಕ್ರ. ಪುಸ್ತಕದ ಚಿತ್ರ ನನ್ನದು. ತೆಂಗಿನಕಾಯಿ ನನ್ನೆದುರು ನಿಂತ ಸಿದ್ದಪ್ಪನದು. ಊರಿಗಿದ್ದ ಒಂದೇ ಹಿಟ್ಟಿನ ಮಿಲ್ಲಿನ ಒಡೆಯ ಅವನು. ನಾನು ಗೆದ್ದರೆ ಸಂಘದ ಕೋಣೆ ವಾಚನಾಲಯ. ಅವನು ಗೆದ್ದರೆ ತೌಡಿನ ಮೂಟೆಗಳ ಗೋಡೌನು. ಊರಿನ ಬೌದ್ಧಿಕ ಭವಿಷ್ಯವೇ ಆ ಪೆಟ್ಟಿಗೆಯೊಳಗಿತ್ತು!

ಸಭೆಯಲ್ಲಿ ಎದ್ದು ನಿಂತೆ. "ಮಾನ್ಯ ಅಧ್ಯಕ್ಷರೇ, ಪುಸ್ತಕ ಒತ್ತಿದರೆ ಓಟು ಪುಸ್ತಕಕ್ಕೇ ಬಿತ್ತೆಂದು ನಂಬುವುದು ಹೇಗೆ?" ಚೀಟಿಯಾದರೆ ಕಣ್ಣಿಗೆ ಕಾಣುತ್ತದೆ, ತಂತಿಯೊಳಗೆ ಹೋದ ಓಟನ್ನು ಕಂಡವರು ಯಾರು ಎಂದು ಮುಕ್ಕಾಲು ಗಂಟೆ ವಾದಿಸಿದೆ. ಖಾದರಣ್ಣ ತಲೆ ಕೆರೆದುಕೊಂಡ.

"ಹಂಗಾದ್ರೆ ಏನ್ ಮಾಡ್ಬೇಕು, ನೀನೇ ಹೇಳ್ಬುಡು ಭಾಯ್."

ಹೇಳಿಬಿಟ್ಟೆ. ಚಕ್ರ ತಿರುಗಿದಾಗ ಪೆಟ್ಟಿಗೆ ಸದ್ದು ಮಾಡಬೇಕು. ಪುಸ್ತಕಕ್ಕೆ ಒಂದು ಸದ್ದು, ತೆಂಗಿನಕಾಯಿಗೆ ಬೇರೊಂದು. ಮತದಾರನಿಗೆ ಕಿವಿಯಾರೆ ಖಾತರಿ! ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಸಿದ್ದಪ್ಪ. ಅದೇಕೆಂದು ಯೋಚಿಸುವ ಬುದ್ಧಿಯನ್ನು ಶೀಲ್ಡಿನ ಜೊತೆ ಕೊಟ್ಟಿರಲಿಲ್ಲ.

ಭಾನುವಾರ ಮತದಾನ. ಪುಸ್ತಕಕ್ಕೆ ಕರೆಗಂಟೆ: ಟ್ರಿಣ್. ತೆಂಗಿನಕಾಯಿಗೆ ಸ್ಕೂಟರಿನ ಹಾರ್ನು: ಪೋಂ. ಪೆಟ್ಟಿಗೆಯ ಸುತ್ತ ಗೋಣಿತಾಟಿನ ಮರೆ ಕಟ್ಟಿಸಿದ್ದೆ. ಗೋಪ್ಯತೆಯ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ. ಮೊದಲು ನಾನೇ ಹೋಗಿ ಒತ್ತಿದೆ. ಟ್ರಿಣ್! ಸದ್ದು ಬೀದಿಯ ಕೊನೆಯವರೆಗೂ ಹೋಯಿತು. ಎದುರು ಜಗುಲಿಯ ಮೇಲೆ ಕೂತಿದ್ದ ಸಿದ್ದಪ್ಪ ನನ್ನನ್ನು ನೋಡಿ ನಕ್ಕ.

ಎರಡನೆಯವನು ಹೋದ. ಪೋಂ. ಮೂರನೆಯವನು. ಪೋಂ. ಹಿಂದಿನ ದಿನ ನಮ್ಮನೆ ಕಾಫಿ ಕುಡಿದು ಮಾತು ಕೊಟ್ಟಿದ್ದ ನಾಲ್ವರು: ಪೋಂ, ಪೋಂ, ಪೋಂ, ಪೋಂ. ದಾರಿಯಲ್ಲಿದ್ದ ಎತ್ತಿನ ಗಾಡಿಯವನು ಹಿಂದೆ ಸ್ಕೂಟರು ಬಂತೆಂದು ಗಾಡಿಯನ್ನು ಪಕ್ಕಕ್ಕೆ ತೆಗೆದ.

ಕೊನೆಗೆ ಉಳಿದದ್ದು ನಮ್ಮಮ್ಮ. ಹೆಂಗಸರಿಗೂ ಓಟು ಬೇಕೆಂದು ಹಟ ಹಿಡಿದು ಅವಳನ್ನು ಸದಸ್ಯೆ ಮಾಡಿಸಿದವನು ನಾನೇ. ಅಮ್ಮ ಮರೆಯ ಹಿಂದೆ ಹೋದಳು. ತುಂಬ ಹೊತ್ತು ಸದ್ದೇ ಇಲ್ಲ.

ಪೋಂ.

ಮಿಷಿನ್ನು ಕೆಟ್ಟಿದೆ ಎಂದು ಕೂಗಾಡಿದೆ. ಅಮ್ಮ ಸೆರಗು ಸರಿಮಾಡಿಕೊಂಡು ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಹೇಳಿದಳು:

"ಕೆಟ್ಟಿಲ್ಲ ಕಣ್ಲಾ. ರಾಗಿ ಡಬ್ಬ ಹೊತ್ಕೊಂಡು ಅವನ ಮಿಲ್ಲಿಗೆ ಹೋಗೋಳು ನಾನು, ಮುದ್ದೆ ಉಣ್ಣೋನು ನೀನು. ಬೀದಿಗೆಲ್ಲ ಕೇಳಂಗೆ ಗಂಟೆ ಬಾರಿಸ್ಬುಟ್ಟು, ನಾಳೆ ಅವನ ಮುಂದೆ ಹೆಂಗ್ಲಾ ನಿಂತ್ಕಳ್ಲಿ?"

ಕೂಗಾಟ ಬಿಟ್ಟು ಪೆಟ್ಟಿಗೆಯ ಕಡೆ ನಡೆದೆ.

ಖಾದರಣ್ಣ ಪೆಟ್ಟಿಗೆ ಬಿಚ್ಚಿದ. ತೆಂಗಿನಕಾಯಿ ನಲವತ್ತೆರಡು, ಪುಸ್ತಕ ಒಂದು. ಕೂಗಿ ಹೇಳುವ ಅಗತ್ಯವೇ ಇರಲಿಲ್ಲ. ಫಲಿತಾಂಶ ಊರಿಗೆಲ್ಲ ಆಗಲೇ ಕೇಳಿಸಿತ್ತು. ಸಂಜೆಯೊಳಗೆ ಕೋಣೆಗೆ ತೌಡಿನ ಮೂಟೆಗಳು ಬಂದು ಬಿದ್ದವು.

ಆ ವಾರವಿಡೀ ಒಬ್ಬೊಬ್ಬರಾಗಿ ನನ್ನನ್ನು ಗೋಡೆಯ ಮರೆಗೆ ಕರೆದು, "ಚೀಟಿ ಆಗಿದ್ರೆ ನಿಂಗೇ ಹಾಕ್ತಿದ್ದೆ ಕಣಪ್ಪ" ಎಂದರು. ಹಾಗೆ ಹೇಳಿದವರಲ್ಲಿ ಸಿದ್ದಪ್ಪನ ಸ್ವಂತ ತಮ್ಮನೂ ಇದ್ದ. ಆ ಲೆಕ್ಕದಲ್ಲಿ ನಾನು ಭಾರಿ ಅಂತರದಿಂದ ಗೆದ್ದಿದ್ದೆ. ಇದಕ್ಕೇನು ಪುರಾವೆ ಎಂದು ಒಬ್ಬರನ್ನೂ ಕೇಳಲಿಲ್ಲ. ಅಷ್ಟೂ ಜನರನ್ನು ನಂಬಿಬಿಟ್ಟೆ.