ಪದ್ಮನಾಭರ ಅನುವಾದ

ಎಲ್ಲಕ್ಕೂ ಮೂಲ ಒಂದು ನೆಗಡಿ. ಅದು ಪದ್ಮನಾಭರಿಗೆ ಬಂದದ್ದೂ ಅಲ್ಲ. ಟೋಕಿಯೋದಿಂದ ಪಕ್ಕದ ವಾಕೋ ಊರಿಗೆ ಬರಬೇಕಿದ್ದ ದುಭಾಷಿಗೆ ಬಂದದ್ದು. ಜಪಾನಿನಲ್ಲಿ ಸೀನುತ್ತ ಸಭೆಗೆ ಹೋಗುವುದು ಮರ್ಯಾದೆಯಲ್ಲ. ಹಾಗಾಗಿ ಆಕೆ ಬೆಳಿಗ್ಗೆಯೇ ಫೋನು ಮಾಡಿ ಕ್ಷಮೆ ಕೇಳಿ ಮಲಗಿಬಿಟ್ಟಳು.

ಸಭೆ ನಡೆಯಬೇಕಿದ್ದದ್ದು ಯುವಜನರ ಆಪ್ತಸಲಹಾ ಕೇಂದ್ರದಲ್ಲಿ. ಅಲ್ಲಿನ ಮುಖ್ಯಸ್ಥೆ ಒಗಾವಾ ಸಾನ್ ಹೊಸ ಕ್ರಮವೊಂದನ್ನು ಶುರುಮಾಡಿದ್ದರು. ಒಮ್ಮೆ ಮನಸ್ಸು ಕುಸಿದು, ಮತ್ತೆ ಎದ್ದು ನಿಂತ ಹುಡುಗ ಹುಡುಗಿಯರನ್ನೇ ಸಂಬಳ ಕೊಟ್ಟು ನೇಮಿಸಿಕೊಂಡು, ಈಗ ಕುಸಿಯುತ್ತಿರುವ ಮಕ್ಕಳ ಪಕ್ಕ ಕೂರಿಸುವುದು. ಪಿಯರ್ ಸಪೋರ್ಟರ್ ಎಂದು ಆ ಹುದ್ದೆಯ ಹೆಸರು. ಆ ಊರಿನ ನಮ್ಮ ಕನ್ನಡದ ಮನೆಗಳಿಗಾಗಿ ಆರಿಸಿದ್ದು ಪದ್ಮನಾಭರ ಒಬ್ಬಳೇ ಮಗಳು ಹರ್ಷಿಣಿಯನ್ನು. ಸದ್ಯಕ್ಕೆ ತಾತ್ಕಾಲಿಕವಾಗಿ. ಅವಳು ಇವತ್ತು ತಂದೆತಾಯಂದಿರ ಎದುರು ತನ್ನ ಕತೆ ಹೇಳಬೇಕು. ಕೇಳಿದವರಲ್ಲಿ ಒಂದೆರಡು ಮನೆಯವರಾದರೂ ಮಗುವನ್ನು ಕಳಿಸಲು ಒಪ್ಪಿದರೆ ಕೆಲಸ ಗಟ್ಟಿ, ಇಲ್ಲದಿದ್ದರೆ ಹುದ್ದೆಯೇ ರದ್ದು.

ಪದ್ಮನಾಭರಿಗೆ ಸಂಕಟವಾಗಿದ್ದದ್ದು ಆ ಕತೆಯೇ. ಹೈಸ್ಕೂಲಿನಲ್ಲಿದ್ದಾಗ ಹರ್ಷಿಣಿ ಒಂದು ಬೆಳಿಗ್ಗೆ ರೂಮಿನ ಬಾಗಿಲು ಹಾಕಿಕೊಂಡವಳು ಒಂದು ವರ್ಷ ಹೊರಗೆ ಬಂದಿರಲಿಲ್ಲ. ಆ ವರ್ಷವೆಲ್ಲ ಪದ್ಮನಾಭರು, ಮಗಳು ಬೆಂಗಳೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆ ಎಂದು ಸಾರಿದ್ದರು. ಸುಳ್ಳಿಗೆ ಸ್ವಲ್ಪ ಕಸುವು ಬರಲೆಂದು ಟೋಕಿಯೋದ ಶಿನ್ ಒಕುಬೋದಲ್ಲಿರುವ ಭಾರತೀಯ ಅಂಗಡಿಯಿಂದ ಮಾವಿನ ಉಪ್ಪಿನಕಾಯಿ ತಂದು, ಬೇರೆ ಡಬ್ಬಿಗೆ ತುಂಬಿ, "ಹರ್ಷಿ ಕಳಿಸಿದ್ದಾಳೆ" ಎಂದು ಕೆಳಗಿನ ಮನೆಯ ಶಾರದಾ ಅವರಿಗೆ ಕೊಟ್ಟದ್ದೂ ಉಂಟು.

ಮನುಷ್ಯ ಕೆಟ್ಟವರಲ್ಲ. ಬಹಳ ದಿನಗಳ ಮೇಲೆ ಮಗಳು ಬೇಕು ಅಂದದ್ದು ಈ ಕೆಲಸವೊಂದನ್ನೇ. ಅದು ಅವಳಿಗೆ ಸಿಗಲಿ ಎಂದು ದಿನವೂ ದೇವರಿಗೆ ಕೈಮುಗಿಯುತ್ತಿದ್ದರು. ಆದರೆ ಅವಳು ಬಾಯಿ ಬಿಡದ ಹಾಗೆ ನೋಡಿಕೋ ಎಂದೂ ಅದೇ ದೇವರನ್ನು ಬೇಡುತ್ತಿದ್ದರು.

ಆದ್ದರಿಂದ ಒಗಾವಾ ಸಾನ್ ಫೋನು ಮಾಡಿ, ದುಭಾಷಿ ಇಲ್ಲ, ಸಭೆ ಮುಂದಕ್ಕೆ ಹಾಕೋಣವೇ ಎಂದು ಕೇಳಿದಾಗ ಪದ್ಮನಾಭರಿಗೆ ದೇವರು ಕಣ್ಣು ಬಿಟ್ಟಂತಾಯಿತು. ಬೇಡ, ನಾನೇ ಅನುವಾದ ಮಾಡುತ್ತೇನೆ ಎಂದುಬಿಟ್ಟರು. ಸೊಪ್ಪು ಹೆಚ್ಚುತ್ತಿದ್ದ ಹೆಂಡತಿ ಸಾವಿತ್ರಿ ಚಾಕು ಕೆಳಗಿಟ್ಟು ಗಂಡನನ್ನು ನೋಡಿದರು. ಹರ್ಷಿಣಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಆದರೆ ಜಪಾನಿನಲ್ಲೇ ಬೆಳೆದವಳು, ಮನಸ್ಸಿನ ಮಾತು ಹೇಳಲು ಜಪಾನೀಸೇ ಬೇಕು. ಸಭೆಗೆ ಬರುವ ತಂದೆತಾಯಂದಿರಿಗೋ ಅಂಗಡಿಯಲ್ಲಿ ಸಾಮಾನು ಕೊಳ್ಳುವಷ್ಟು ಜಪಾನೀಸು ಬಿಟ್ಟರೆ ಹೆಚ್ಚು ಬಾರದು.

"ಪ್ರಾಮಿಸ್, ಅಪ್ಪಾ?" ಎಂದಳು ಅವಳು. "ನಾನು ಏನ್ ಹೇಳ್ತೀನೋ ಅದನ್ನೇ ಹೇಳ್ಬೇಕು."

"ಅಕ್ಷರಾನೂ ಬಿಡಲ್ಲ, ಪುಟ್ಟಿ," ಎಂದರು ಪದ್ಮನಾಭರು. ಜನರೆದುರು ಅಪ್ಪನನ್ನು ತಿದ್ದುವ ಹುಡುಗಿ ಅವಳಲ್ಲ ಎಂಬ ಧೈರ್ಯ ಅವರಿಗಿತ್ತು.

ಮಧ್ಯಾಹ್ನ ಕೇಂದ್ರದ ಹಾಲಿನಲ್ಲಿ ಕುರ್ಚಿಗಳನ್ನು ವರ್ತುಲವಾಗಿ ಹಾಕಿದ್ದರು. ಶಾರದಾ ಬಂದಿದ್ದರು. ಪದ್ಮನಾಭರ ಜೊತೆ ಊರಿನ ಸಂಶೋಧನಾ ಸಂಸ್ಥೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅಶೋಕ ಬಂದಿದ್ದರು. ಇನ್ನೂ ಕೆಲವು ಮನೆಯವರು ಸ್ಲಿಪ್ಪರು ಹಾಕಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಪರೀಕ್ಷೆಗೆ ಬಂದವರ ಹಾಗೆ ಕೂತಿದ್ದರು. ಹರ್ಷಿಣಿ ಎದ್ದು ತಲೆಬಾಗಿ ಶುರುಮಾಡಿದಳು. ಒಂದು ದಿನ ಶಾಲೆಗೆ ಹೊರಟಾಗ ಬಾಗಿಲ ಬಳಿ ಕೂತು ಶೂ ಹಾಕಿಕೊಳ್ಳಲು ನೋಡಿದೆ, ಕೈಯೇ ಮೇಲೇಳಲಿಲ್ಲ, ಅಲ್ಲಿಯೇ ಅತ್ತೆ ಎಂದಳು.

ಪದ್ಮನಾಭರು ಗಂಟಲು ಸರಿಮಾಡಿಕೊಂಡರು. ಹೈಸ್ಕೂಲಿನಲ್ಲಿ ಇವಳಿಗೆ ಶೂ ಸರಿಹೋಗುತ್ತಿರಲಿಲ್ಲ ಎಂದರು.

ಹರ್ಷಿಣಿ ಅಪ್ಪನನ್ನು ಒಮ್ಮೆ ನೋಡಿ ಮುಂದುವರಿಸಿದಳು. ಒಂದು ವರ್ಷ ರೂಮು ಬಿಟ್ಟು ಬರಲಿಲ್ಲ, ಕನ್ನಡಿ ನೋಡಲೂ ಭಯವಾಗುತ್ತಿತ್ತು ಎಂದಳು. ಒಂದು ವರ್ಷ ರೂಮಿನಲ್ಲಿ ಕೂತು ಏಕಾಗ್ರತೆಯಿಂದ ಓದಿದಳು, ಅಲಂಕಾರದ ಕಡೆಗೆ ಗಮನವೇ ಇರಲಿಲ್ಲ ಎಂದರು ಪದ್ಮನಾಭರು. ಆಸ್ಪತ್ರೆಗೆ ಹೋದದ್ದು, ಮಾತ್ರೆ ನುಂಗಿದ್ದು, ಡಾಕ್ಟರು ತಾಳ್ಮೆಯಿಂದ ಮಾತಾಡಿಸಿದ್ದು ಎಲ್ಲವನ್ನೂ ಅವಳು ವಿವರವಾಗಿ ಹೇಳಿದಳು. ಹಿರಿಯರ ಮಾರ್ಗದರ್ಶನ ಸಿಕ್ಕಿತು ಎಂದು ಅವರು ಮೂರೇ ಮಾತಿನಲ್ಲಿ ಮುಗಿಸಿದರು. ಅಷ್ಟುದ್ದದ ಜಪಾನೀಸು ಇಷ್ಟೇ ಕನ್ನಡವಾದದ್ದನ್ನು ಕಂಡು ಒಗಾವಾ ಸಾನ್, ಎಷ್ಟು ಅಡಕವಾದ ಭಾಷೆ ಎಂದು ಮೆಚ್ಚಿ ತಲೆಯಾಡಿಸಿದರು.

ಅಷ್ಟರಲ್ಲಿ ಅಶೋಕ ಕೈಯೆತ್ತಿದರು. ಆ ರೂಮು ಬೆಂಗಳೂರಿನದೇ ಎಂದು ಅವರ ಪ್ರಶ್ನೆ. ಹೌದು, ಜಯನಗರದಲ್ಲಿ, ಮೂಡಣದ ಕಿಟಕಿ ಇರುವ ರೂಮು ಎಂದು ಪದ್ಮನಾಭರು ಹೇಳಿದರು. ಏನು ಕೇಳಿದರು ಎಂದು ಒಗಾವಾ ಸಾನ್ ವಿಚಾರಿಸಿದಾಗ, ರೂಮು ಎಷ್ಟು ದೊಡ್ಡದೆಂದು ಕೇಳಿದರು ಎಂದರು. ಆಕೆ ಅದು ಬಹಳ ಒಳ್ಳೆಯ ಪ್ರಶ್ನೆ ಎಂದು, ಮಕ್ಕಳ ಕೋಣೆಯ ಅಳತೆಗೂ ಮನಸ್ಸಿಗೂ ಇರುವ ಸಂಬಂಧವನ್ನು ಉದ್ದಕ್ಕೆ ವಿವರಿಸತೊಡಗಿದರು. ಅದನ್ನು ಜಯನಗರಕ್ಕೆ ಹೊಂದಿಸುವಷ್ಟರಲ್ಲಿ ಪದ್ಮನಾಭರ ಅಂಗಿ ಬೆನ್ನಿಗೆ ಅಂಟಿತ್ತು. ಇಷ್ಟು ಚೆನ್ನಾಗಿ ಓದುವ ಹುಡುಗಿಯ ಹತ್ತಿರ ಮಕ್ಕಳನ್ನು ಯಾಕೆ ಕಳಿಸಬೇಕು ಎಂದು ತಿಳಿಯದೆ ಜನ ಸುಮ್ಮನೆ ಕೂತಿದ್ದರು. ಮಗಳ ಕೆಲಸ ಕೈತಪ್ಪುತ್ತಿರುವುದು ಪದ್ಮನಾಭರಿಗೂ ಕಾಣುತ್ತಿತ್ತು.

ಆಗ ಶಾರದಾ ಮಾತಾಡಿದರು. ಪದ್ಮನಾಭರ ಕಡೆ ನೋಡದೆ ನೇರವಾಗಿ ಹರ್ಷಿಣಿಯನ್ನೇ ಕೇಳಿದರು.

"ಬಾಗಿಲು ಹಾಕ್ಕೊಂಡು ಕೂತಿದ್ಯಲ್ಲಮ್ಮ, ಆವಾಗ ಹೊರಗಡೆ ನಿಂತಿರೋರು ಏನ್ ಮಾಡಿದ್ರೆ ನಿಂಗೆ ಸಮಾಧಾನ ಆಗ್ತಿತ್ತು?"

ಪದ್ಮನಾಭರು ನಡುವೆ ಬಾಯಿ ಹಾಕಿದರು. ಒಗಾವಾ ಸಾನ್ ಕೇಳುವ ಮೊದಲೇ, ನಿನಗೆ ಯಾವ ತಿಂಡಿ ಇಷ್ಟ ಎಂದು ಕೇಳುತ್ತಿದ್ದಾರೆ ಎಂದು ಜಪಾನೀಸಿನಲ್ಲಿ ಹೇಳಿಬಿಟ್ಟರು. ಹರ್ಷಿಣಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಶಾರದಾ ಅವರ ಕಡೆಗೆ ತಿರುಗಿ, ಕೇಳಿದ ಪ್ರಶ್ನೆಗೇ ಮೆಲ್ಲಗೆ ಜಪಾನೀಸಿನಲ್ಲಿ ಉತ್ತರ ಕೊಟ್ಟಳು. ಅವಳು ಮುಗಿಸಿದ ಮೇಲೆ ಎಲ್ಲರೂ ಪದ್ಮನಾಭರ ಬಾಯಿ ನೋಡಿದರು. ಅವರ ಕಣ್ಣು ತುಂಬಿ ಬಂದಿತ್ತು.

"ಅವಳು ಹೇಳ್ತಿದಾಳೆ," ಎಂದರು ಕೊನೆಗೆ. "ನಮ್ಮಪ್ಪ ದಿನಾ ಊಟದ ಹೊತ್ತಿಗೆ ಬಾಗಿಲ ಹತ್ರ ಬಂದು ನಿಂತ್ಕೋತಿದ್ರು. ಯಾಕೆ ಹೀಗೆ ಕೂತಿದೀಯ ಅಂತ ಒಂದ್ಸಲಾನೂ ಕೇಳ್ಲಿಲ್ಲ. ಲ್ಯಾಬಲ್ಲಿ ಅವತ್ತು ಏನು ಕೆಟ್ಟೋಯ್ತು ಅಂತ ಹೇಳಿ ಹೋಗ್ತಿದ್ರು. ಅಷ್ಟು ಕೆಟ್ರೂ ಮಾರನೇ ದಿನ ಮತ್ತೆ ಹೋಗ್ತಾರಲ್ಲ ಅಂತ ನಾನು ಒಳಗೆ ಕೂತು ನಾಳೆ ಕತೆಗೆ ಕಾಯ್ತಿದ್ದೆ. ಅದರಿಂದಾನೇ ನಾನು ಉಳ್ಕೊಂಡೆ." ಆಮೇಲೆ ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಇದನ್ನ ಅವಳು ನನಗೆ ಯಾವತ್ತೂ ಹೇಳಿರ್ಲಿಲ್ಲ. ಬೆಂಗಳೂರು ಸುಳ್ಳು," ಎಂದರು.

ಆಕಾಶವೇನೂ ಕಳಚಿ ಬೀಳಲಿಲ್ಲ. ಶಾರದಾ ಒಂದು ನಿಟ್ಟುಸಿರು ಬಿಟ್ಟರು.

"ನಮಗೆ ಗೊತ್ತಿತ್ತು ಪದ್ಮನಾಭ ಅವರೇ. ಬೆಂಗಳೂರಲ್ಲಿರೋ ಹುಡುಗಿ ಹೆಜ್ಜೆ ಸಪ್ಪಳ ವರ್ಷಾಪೂರ್ತಿ ನಮ್ಮನೆ ಸೀಲಿಂಗಲ್ಲಿ ಕೇಳ್ತಿತ್ತು. ನಮ್ಮ ಅಮಿತ್ ಫುಟ್ಬಾಲ್ ಕ್ಯಾಂಪಿಗೆ ಹೋಗಿದಾನೆ ಅಂದೆನಲ್ಲ, ಅವನೂ ರೂಮಲ್ಲೇ ಇದಾನೆ."

ಅಶೋಕ, ಎಲ್ಲರಿಗೂ ಹೇಳಿಕೊಂಡು ಬಂದಿದ್ದ ತಮ್ಮ ಮಗಳ ಜ್ವರ ಜ್ವರವಲ್ಲ ಎಂದರು. ಆಮೇಲೆ ಒಬ್ಬೊಬ್ಬರೂ ತಂತಮ್ಮ ಜಯನಗರಗಳನ್ನು ಹೊರಗೆ ತೆಗೆದರು. ಎಲ್ಲರೂ ಮಕ್ಕಳನ್ನು ಹರ್ಷಿಣಿಯ ಬಳಿ ಕಳಿಸಲು ಒಪ್ಪಿದರು. ಅವಳ ಕೆಲಸ ಅಲ್ಲಿಯೇ ಗಟ್ಟಿಯಾಯಿತು.

ಪದ್ಮನಾಭರು ಮನಸ್ಸು ಹಗುರಾಗಿ ಶೂ ಹುಡುಕುತ್ತಿದ್ದರು. ಒಗಾವಾ ಸಾನ್ ಅಡ್ಡ ಬಂದು ತಲೆಬಾಗಿದರು. ರೂಮು ಬಿಟ್ಟು ಬಾರದ ಮಕ್ಕಳು ಕೇಂದ್ರಕ್ಕೆ ಬರುವುದಾದರೂ ಹೇಗೆ ಎಂಬ ಪ್ರಶ್ನೆ ಎದ್ದಿದೆ, ಬಾಗಿಲ ಹೊರಗೆ ನಿಂತು ಮಾತಾಡಿ ಅನುಭವವಿರುವವರು ಈ ಊರಿನಲ್ಲಿ ನೀವೊಬ್ಬರೇ, ದಯವಿಟ್ಟು ಮನೆಮನೆಗೆ ಬರಬೇಕು ಎಂದರು. ಸಂಬಳವಿಲ್ಲ, ಆದರೆ ಹೊಸಬರನ್ನು ಒಬ್ಬರೇ ಬಿಡುವ ಪದ್ಧತಿ ಇಲ್ಲವಾದ್ದರಿಂದ ಮೇಲ್ವಿಚಾರಕಿಯಾಗಿ ಹರ್ಷಿಣಿ ಜೊತೆಗಿರುತ್ತಾಳೆ. ಎರಡು ವರ್ಷದಿಂದ ತಮ್ಮ ಪ್ರಯೋಗಗಳೆಲ್ಲ ಸರಿಯಾಗಿ ಬರುತ್ತಿವೆ, ಹೇಳಲು ಹೊಸ ಸೋಲೇ ಇಲ್ಲ ಎಂದು ಪದ್ಮನಾಭರು ತೊದಲಿದರು. ಅದನ್ನು ಮಾತ್ರ ಮಕ್ಕಳ ಮುಂದೆ ಹೇಳಬಾರದು ಎಂದು ಮೇಲ್ವಿಚಾರಕಿ ತಾಕೀತು ಮಾಡಿದಳು.

ಕೆಲಸ ಅವತ್ತು ಸಂಜೆಯೇ ಶುರುವಾಯಿತು. ಶಾರದಾ ಅವರ ಮನೆಯ ಒಳಗೆ, ಮುಚ್ಚಿದ ಬಾಗಿಲ ಮುಂದೆ ಪದ್ಮನಾಭರು ನಿಂತರು. ಶಾರದಾ ಅವರೂ ಮೇಲ್ವಿಚಾರಕಿಯೂ ಹಿಂದೆ ನಿಂತು ಕಣ್ಣಲ್ಲೇ ಹುರಿದುಂಬಿಸಿದರು. ಪದ್ಮನಾಭರು ತಮ್ಮ ಹಳೆಯ ಸೋಲುಗಳಲ್ಲೆಲ್ಲ ದೊಡ್ಡದನ್ನು ಆರಿಸಿಕೊಂಡರು. ಲ್ಯಾಬಿನಲ್ಲಿ ಆರು ತಿಂಗಳು ಸಾಕಿದ ಯೀಸ್ಟು ಒಂದೇ ರಾತ್ರಿಯಲ್ಲಿ ಸತ್ತು, ಅದೇ ರಾತ್ರಿ ಸಾವಿತ್ರಿಯ ದೋಸೆ ಹಿಟ್ಟು ಪಾತ್ರೆ ಮೀರಿ ಉಕ್ಕಿ ಹರಿದ ಕತೆಯನ್ನು ಪ್ರೀತಿಯಿಂದ, ಒಂದು ಮಾತೂ ಬಿಡದೆ ಹೇಳಿ ಮುಗಿಸಿದರು.

ಒಳಗೆ ಮಂಚ ಕಿರುಗುಟ್ಟಿತು. ಬಾಗಿಲಿನ ಹತ್ತಿರಕ್ಕೇ ಬಂದು ಅಮಿತ್ ಮಾತಾಡಿದ. ಅವನ ಧ್ವನಿ ಕೇಳಿ ಶಾರದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಂಕಲ್, ಯೀಸ್ಟ್ ಸ್ಟೋರಿ ನಂಗೆ ಗೊತ್ತು. ಆ ವರ್ಷದ್ದು ಎಲ್ಲಾ ಗೊತ್ತು. ಸೀಲಿಂಗಿಂದ ಕೇಳ್ತಿತ್ತು. ನಾಳೆ ಹೊಸದು ಹೇಳಿ."