ಮಾಳಿಗೆ ಮೇಲಿನ ರಾಣಿ

"ಇವತ್ತಿನಿಂದ ನಾ ಯಾರ ಹಂತೇಕೂ ಸಹಾಯ ಕೇಳಂಗಿಲ್ಲ!"

ಇಂಡಿ ಪಟ್ಟಣದ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ರಾಜೇಶ್ವರಿ ಲಟ್ಟಣಿಗೆಯನ್ನು ಖಡ್ಗದಂತೆ ಎತ್ತಿ ಹೀಗೆ ಘೋಷಿಸಿದಾಗ, ಗಂಡ ಸಂಜೀವಕುಮಾರ ಬಶಿಯಲ್ಲಿ ಚಹಾ ಹಾಕಿಕೊಂಡು ಊದುತ್ತಿದ್ದ.

"ಮತ್ತ ಯಾವ ಪುಸ್ತಕ ಮುಗಿಸಿದಿ?"

"ಇನ್ನೂ ಮುಗದಿಲ್ಲ. ರಾಣಿ ಕ್ವಾಟಿ ಬಾಗಲಾ ಮುರಿಯಾಕತ್ತಾಳ. ಒಬ್ಬಾಕಿನ! ಹೆಗಲಿಲೆ!"

"ಹಂಗಾರ ಇನ್ನ ಮ್ಯಾಲ ಗ್ಯಾಸ್ ಸಿಲಿಂಡರ್ ನೀನ ಎತ್ತತಿ?"

"ಎತ್ತತೇನಿ!"

"ಹಲ್ಲಿ ಬಂದ್ರ?"

ರಾಜೇಶ್ವರಿ ಲಟ್ಟಣಿಗೆ ಕೆಳಗಿಳಿಸಿದಳು. "ಹಲ್ಲಿ ವಿಷಯ ಬ್ಯಾರೆ."

ಓದುವುದಕ್ಕೆಂದು ಬೇರೆ ಹೊತ್ತು ಇಟ್ಟವಳಲ್ಲ ಆಕೆ. ಕುಕ್ಕರ್ ಕೂಗುವ ನಡುವೆ ಒಂದು ಪುಟ, ಕಸೂತಿಯ ಸೂಜಿಗೆ ದಾರ ಪೋಣಿಸುತ್ತ ಇನ್ನೊಂದು ಪುಟ. ನಾಯಕಿ ಅಳುಬುರುಕಿಯಾದರೆ ಆ ಪುಸ್ತಕ ಅದೇ ದಿನ ಗ್ರಂಥಾಲಯಕ್ಕೆ ವಾಪಸ್! ಕುದುರೆ ಏರುವವಳು, ಗಂಡಸರನ್ನು ಗದರಿಸುವವಳು ಬೇಕು. ಅಂಥವಳು ಸಿಕ್ಕ ದಿನ ಕಸೂತಿಯ ಗೋಪುರ ಸೊಟ್ಟಗಾಗುತ್ತಿತ್ತು, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಗಂಡ ಕಚೇರಿಗೆ ಹೋದ. ಎಳೆದರೆ ತಾನೇ ಕೀಲಿ ಬೀಳುವ ಮುಂಬಾಗಿಲು ಹಾಕಿ, ಫೋನು ಚಾರ್ಜಿಗೆ ಹಚ್ಚಿ, ಉಪ್ಪಿನಕಾಯಿಯ ಲಿಂಬೆ ಹೋಳು ಒಣಹಾಕಲು ರಾಜೇಶ್ವರಿ ಮಾಳಿಗೆ ಹತ್ತಿದಳು. ಬಗಲಲ್ಲಿ ಕಾದಂಬರಿ. ಹೋಳು ಹರವಿ, ನೀರಿನ ಟಾಕಿಯ ನೆರಳಲ್ಲಿ ಕೂತು, ರಾಣಿಯ ಜೊತೆ ಕೋಟೆಗೆ ನುಗ್ಗಿಯೇಬಿಟ್ಟಳು. ಅಷ್ಟರಲ್ಲಿ ಬೀಸಿದ ಗಾಳಿಗೆ ಮೆಟ್ಟಿಲ ಬಾಗಿಲು ಧಡ್ ಎಂದು ಮುಚ್ಚಿತು!

ಹೋಗಿ ನೂಕಿದಳು. ಜಪ್ಪಯ್ಯ ಎನ್ನಲಿಲ್ಲ. ಆ ಮನೆಗೆ ಬಂದದ್ದೇ ಮೊನ್ನೆ. ಆ ಬಾಗಿಲು ಮುಚ್ಚಿದ್ದನ್ನು ಮಾಳಿಗೆಯ ಕಡೆಯಿಂದ ನೋಡಿದ್ದು ಇದೇ ಮೊದಲು. ಒಳಗೆ ಚಿಲಕ ಬಿದ್ದಿರಬೇಕು ಎಂದುಕೊಂಡಳು. ಇನ್ನೇನು, ಹೆಗಲು! ಸೆರಗು ಬಿಗಿದು, ಹಿಂದೆ ಸರಿದು, ಓಡಿ ಬಂದು ಗುದ್ದಿದಳು. ಬಾಗಿಲು ಅಲುಗಲಿಲ್ಲ, ಹೆಗಲು ಅಲುಗಿತು!

ಸಪ್ಪಳ ಕೇಳಿ ಪಕ್ಕದ ಮನೆಯ ದಾವಲಬಿ ಅಂಗಳಕ್ಕೆ ಬಂದು ತಲೆ ಎತ್ತಿದಳು.

"ಏನಾತ್ರೀ ಬಾಯಾರ? ಸಿಕ್ಕೊಂಡೀರೇನ್ರಿ?"

"ಇಲ್ರಿ! ವ್ಯಾಯಾಮ ಮಾಡಾಕತ್ತೇನ್ರಿ!"

"ಇಂಥಾ ಬಿಸಲಾಗ?"

"ಬಿಸಲಾಗ ಮಾಡಿದ್ರ ಭಾಳ ಛಲೋರಿ!"

ದಾವಲಬಿ ಒಮ್ಮೆ ಬಾಗಿಲ ಕಡೆ, ಒಮ್ಮೆ ಆಕೆಯ ಹೆಗಲ ಕಡೆ ನೋಡಿ ಒಳಗೆ ಹೋದಳು.

ಪೈಪು ಹಿಡಿದು ಇಳಿದರಾಯಿತೆಂದು ರಾಜೇಶ್ವರಿ ಕಟ್ಟೆಯಾಚೆ ಒಂದು ಕಾಲು ಹಾಕಿದಳು. ಕೆಳಗೆ ನೋಡಿದಳು. ಬಹಳ ಗೌರವದಿಂದ ಆ ಕಾಲನ್ನು ವಾಪಸ್ ತಂದಳು. ಆದರೆ ಓಣಿಯಲ್ಲಿ ಹೊರಟವರು ಅಷ್ಟರೊಳಗೆ ನೋಡಿಯಾಗಿತ್ತು! ಕಣ್ಣುಮುಚ್ಚಿ ತೆಗೆಯುವುದರಲ್ಲಿ ಗುಂಪು ಕೂಡಿತು. ಒಬ್ಬನಂತೂ ಮೊಬೈಲ್ ಎತ್ತಿ ಹಿಡಿದೇಬಿಟ್ಟ.

ಊಟಕ್ಕೆ ಬಂದ ಸಂಜೀವಕುಮಾರ ಗುಂಪು ಕಂಡು ಗಾಬರಿಯಾದ. ತನ್ನ ಹತ್ತಿರವಿದ್ದ ಕೀಲಿಯಿಂದ ಮುಂಬಾಗಿಲು ತೆರೆದು, ಮೆಟ್ಟಿಲು ಹಾರಿ ಬಂದು, ಮೇಲಿನ ಬಾಗಿಲನ್ನು ಒಂದೇ ಕೈಯಲ್ಲಿ ನೂಕಿದ. ತೆರೆಯಿತು.

"ಚಿಲಕಾನ ಹಾಕಿಲ್ಲಲ್ಲ ಇದಕ!"

"ಮತ್ತ ನಾ ಅಷ್ಟ್ ನೂಕಿದೆನಲ್ಲ?"

"ನಿನ್ನ ಕಡಿಂದ ಎಳೀಬೇಕು ರಾಜಿ."

ಆಕೆಯ ಮುಖ ನೋಡಿ ಆತನಿಗೆ ನಗು ಬರಲಿಲ್ಲ, ಪಾಪ ಎನಿಸಿತು. "ಮಂದಿಗೆ ಇದು ಗೊತ್ತಾದ್ರ ಮರ್ಯಾದಿ ಹೋಗ್ತೈತಿ. ತಡಿ, ಒಳಗಿಂದ ಚಿಲಕ ಹಾಕ್ತೇನಿ. ಆಮ್ಯಾಲ ಧಡಾಧಡಾ ಸಪ್ಪಳ ಮಾಡಿ ತೆಗೀತೇನಿ. ಬಾಗಲಾ ಜಾಮ್ ಆಗಿತ್ತು ಅನ್ನೂಣು."

ಎಂಥ ಗಂಡ! ರಾಜೇಶ್ವರಿಗೆ ಕಣ್ಣು ತುಂಬಿ ಬಂತು. ತುಕ್ಕು ಹಿಡಿದ ಚಿಲಕ ಕಿರ್ರೆಂದು ಸೇರಿತು. ಧಡಾಧಡ ಸಪ್ಪಳ. ಆಮೇಲೆ ಏದುಸಿರು.

"ರಾಜೀ... ಖರೇನ ಜಾಮ್ ಆತು!"

ಬಿಸಿಲು ನೆತ್ತಿಗೇರಿತ್ತು, ಅಂಗಾಲು ಸುಡುತ್ತಿತ್ತು. ರಾಜೇಶ್ವರಿ ಕಾದಂಬರಿಯನ್ನು ತಲೆಯ ಮೇಲೆ ಹಿಡಿದು, ಮಾಳಿಗೆಯ ತುದಿಗೆ ಬಂದು, ಇಡೀ ಓಣಿಗೆ ಕೇಳುವಂತೆ ಒದರಿದಳು:

"ದಾವಲಬಿ ಅಕ್ಕಾರ! ಕೈ ಮುಗೀತೇನ್ರಿ, ನನ್ನ ಇಳಸ್ರಿ!"

"ಹಿತ್ತಲ ಕಡಿ ಬರ್ರಿ," ಹಿಂದಿನಿಂದ ಶಾಂತವಾದ ದನಿ ಬಂತು. "ಏಣಿ ಆಗಳೇ ತಂದು ಹಚ್ಚೇನ್ರಿ. ನೀವಾಗಿ ಕರೀಲಿ ಅಂತ ಹಿಡಕೊಂಡು ನಿಂತು ನಿಂತು ನನ್ನ ಕೈ ಸೋತು ಹೋದುವು!"