ಶಾಶ್ವತ ಸಂದಿ

ಮೇಲಿನ ಸಾಮ್ರಾಜ್ಯದ ಸಂಧಾನ ಶಾಖೆಯ ಬೆರಳಚ್ಚುಗಾರ್ತಿಗೆ ಒಂದು ಅಭ್ಯಾಸವಿತ್ತು. ಯಾವ ಪದವನ್ನೂ ಮೊದಲು ತುಟಿಯಲ್ಲೇ ಮೆಲ್ಲಗೆ ಅಂದುಕೊಳ್ಳದೆ ಯಂತ್ರದ ಮೇಲೆ ಹೊಡೆಯುತ್ತಿರಲಿಲ್ಲ. ನಾಲಿಗೆ ಹೇಳಿದ್ದನ್ನೇ ಬೆರಳು ಬರೆಯುತ್ತಿತ್ತು. ಹೀಗಾಗಿ ಯುದ್ಧದ ಮೊದಲ ವರ್ಷ 'ಸೇನೆಗೆ ಧನ ಸಾಲದು' ಎಂಬ ಪತ್ರದಲ್ಲಿ ಧನ ದನವಾಗಿ, ಖಜಾನೆಯವರು ಮೂವತ್ತು ಎತ್ತು ಕಳಿಸಿದ್ದರು. ಸೇನೆ ದೂರಲಿಲ್ಲ.

ಆ ಯುದ್ಧ ಮೇಲಿನ ಸಾಮ್ರಾಜ್ಯಕ್ಕೂ ಕೆಳಗಿನ ಸಾಮ್ರಾಜ್ಯಕ್ಕೂ ನಡೆದದ್ದು ಸಮುದ್ರದ ನಡುವಿನ ಒಂದು ಬಂಡೆಗಾಗಿ. ಅವರಿಗೆ ಬೇಕಂತೆ ಎಂದು ತಿಳಿಯುವವರೆಗೆ ಇವರಿಗೆ ಬೇಕಿರಲಿಲ್ಲ. ಇವರಿಗೂ ಬೇಕಂತೆ ಎಂದು ತಿಳಿದ ಮೇಲೆ ಅವರಿಗೆ ಅದಿಲ್ಲದೆ ನಿದ್ದೆ ಬರಲಿಲ್ಲ. ಮೂರು ವರ್ಷದಲ್ಲಿ ಎರಡೂ ಕಡೆಯ ಗುಂಡು ತಿಂದು ಬಂಡೆ ಪುಡಿಯಾಯಿತು. ಹಂಚಿಕೊಳ್ಳಲು ಏನೂ ಉಳಿಯದ್ದರಿಂದ ಮಾತುಕತೆ ಸುಗಮವಾಗಿ ನಡೆಯಿತು.

ಬೆರಳಚ್ಚುಗಾರ್ತಿಗೆ ಅಷ್ಟೇ ಸಾಕಿತ್ತು. ಅವಳ ಅಮ್ಮ ಗಡಿಯೂರಿನಲ್ಲಿ, ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಗಡಿ ಆ ಮನೆಯ ನಡುಕೋಣೆಯಲ್ಲೇ ಹಾದುಹೋಗಿತ್ತು; ಯುದ್ಧ ಶುರುವಾಗುವ ತನಕ ಯಾರೂ ಗಮನಿಸಿರಲಿಲ್ಲ. ಅಮ್ಮನ ಮುಖ ನೋಡಿ ಮೂರು ವರ್ಷವಾಗಿತ್ತು. ಸಹಿ ಬಿದ್ದರೆ ರಜೆ, ರಜೆ ಸಿಕ್ಕರೆ ಅಮ್ಮ. ಅದೇ ಅವಸರದಲ್ಲಿ ಅವಳು ಒಪ್ಪಂದದ ಮೊದಲ ವಾಕ್ಯ ಹೊಡೆದಳು: 'ಉಭಯ ಸಾಮ್ರಾಜ್ಯಗಳ ನಡುವೆ ಇಂದಿನಿಂದ ಶಾಶ್ವತವಾದ ಸಂದಿ ಇರತಕ್ಕದ್ದು.'

ಇಬ್ಬರು ಚಕ್ರವರ್ತಿಗಳೂ ಓದದೆ ಸಹಿ ಹಾಕಿದರು. ಓದುವುದು ಅಪನಂಬಿಕೆಯ ಲಕ್ಷಣ.

ಮರುದಿನ ನಕಲು ಪ್ರತಿ ನೋಡಿ ಬೆರಳಚ್ಚುಗಾರ್ತಿ ಕುರ್ಚಿಯಿಂದ ಎದ್ದಳು. ಶಾಖಾಧಿಕಾರಿಯ ಮೇಜಿನ ಮುಂದೆ ಹೋಗಿ ನಿಂತಳು.

"ತಪ್ಪಾಯ್ತು ಸಾರ್. ಸಂಧಿ ಹೋಗಿ ಸಂದಿ ಆಗಿದೆ. ಒಂದು ಮಹಾಪ್ರಾಣ ಹೋಯ್ತು."

"ನಲವತ್ತು ಸಾವಿರ ಪ್ರಾಣ ಹೋಗಿದೆಯಲ್ಲಮ್ಮ. ಯಾವುದಕ್ಕಾದ್ರೂ ತಿದ್ದುಪಡಿ ಹೊರಡಿಸಿದೀವಾ?"

"ಅವು ಬೇರೆ ಸಾರ್..."

"ಹೌದು, ಅವು ಅಲ್ಪಪ್ರಾಣ. ಆದ್ರೆ ನಿಯಮ ಎಲ್ಲಕ್ಕೂ ಒಂದೇ."

"ಸುಲಭ ಸಾರ್. ದಕಾರದ ಹೊಟ್ಟೆ ಸೀಳಿದ್ರೆ ಆಯ್ತು."

"ಛೆ! ಹೊಟ್ಟೆ ಸೀಳೋ ಕಾಲ ಮುಗೀತು. ಈಗ ಶಾಂತಿ." ಅವರು ಕನ್ನಡಕ ಒರೆಸಿಕೊಂಡರು. "ಒಪ್ಪಂದ ತಿದ್ದೋಕೆ ಹೊಸ ಒಪ್ಪಂದ ಬೇಕು. ಹೊಸ ಒಪ್ಪಂದಕ್ಕೆ ಹೊಸ ಯುದ್ಧ ಬೇಕು. ಮಾಡಿಸ್ತೀಯಾ?"

ಅವಳು ನಕಲು ಪ್ರತಿಯನ್ನು ಕಡತಕ್ಕೆ ಸೇರಿಸಿದಳು.

ಇತ್ತ ಕೆಳಗಿನ ಸಾಮ್ರಾಜ್ಯದ ಮಂತ್ರಿಗಳು, ಮೇಲಿನವರು ಸಂದಿ ಕೇಳುತ್ತಿದ್ದಾರೆಂದರೆ ಅದರಲ್ಲೇನೋ ಲಾಭವಿರಬೇಕೆಂದು ತಮ್ಮ ಕಡೆಯಿಂದ ಗಡಿಯ ನೆಲ ಅಗೆಯಲು ಶುರುಮಾಡಿದರು. ಕೆಳಗಿನವರೇ ಅಗೆಯುತ್ತಿರುವಾಗ ಮೇಲಿನವರು ಸುಮ್ಮನಿದ್ದಾರೆಯೇ? ಹದಿನೆಂಟು ದಿನದಲ್ಲಿ ಗಡಿಯುದ್ದಕ್ಕೂ ಸಂದಿ ಸಿದ್ಧವಾಯಿತು. ಊರೂರಿನ ಗೋಡೆಗೆ ಜಂಟಿ ಪ್ರಕಟಣೆ ಅಂಟಿಸಿದರು:

'ಸಂದಿ ಎಂದರೆ ಎದುರಾದ ಇಬ್ಬರಲ್ಲಿ ಒಬ್ಬರು ಪಕ್ಕಕ್ಕೆ ತಿರುಗದ ಹೊರತು ದಾಟಲಾಗದಷ್ಟು ಅಗಲದ ಸ್ಥಳ. ತಿರುಗತಕ್ಕವರು ಯಾವ ಸಾಮ್ರಾಜ್ಯದವರೆಂಬುದನ್ನು ಸಮಿತಿಯೊಂದು ತೀರ್ಮಾನಿಸುವುದು. ತೀರ್ಮಾನವಾಗುವವರೆಗೆ ಯಾರೂ, ಯಾವ ಕಾರಣಕ್ಕೂ, ಸಂದಿಗೆ ಇಳಿಯತಕ್ಕದ್ದಲ್ಲ.'

ಬೆರಳಚ್ಚುಗಾರ್ತಿಗೆ ಬಡ್ತಿಯೂ ಹತ್ತು ದಿನದ ರಜೆಯೂ ಸಿಕ್ಕವು. ಅಕ್ಕನ ಮನೆಯ ಬಾಗಿಲಲ್ಲೇ ಭಾವ ನಗುತ್ತಾ ಬ್ಯಾಗು ಇಸಿದುಕೊಂಡ.

"ನಮ್ಮನೆ ಶಾಂತಿದೂತೆ ಬಂದ್ಳು ನೋಡೇ!"

ನಡುಕೋಣೆಯ ಉದ್ದಕ್ಕೂ ನೆಲ ಅಗೆದಿತ್ತು. ಈಚೆ ದಂಡೆಗೆ ಅಡುಗೆಮನೆ, ಒಬ್ಬ ಕಾವಲುಗಾರ. ಆಚೆ ದಂಡೆಗೆ ಇನ್ನೊಬ್ಬ ಕಾವಲುಗಾರ, ಅವನ ಬೆನ್ನ ಹಿಂದೆ ಅಮ್ಮನ ಮಂಚ.

"ಅಮ್ಮಂಗೆ ಊಟ?" ಬೆರಳಚ್ಚುಗಾರ್ತಿ ಮೆಲ್ಲಗೆ ಕೇಳಿದಳು.

"ಆ ಕಡೆಯವ್ರು ಹೊತ್ತಿಗೆ ಸರಿಯಾಗಿ ಕೊಡ್ತಾರೆ ಕಣೇ," ಅಂದಳು ಅಕ್ಕ. "ಅರ್ಜಿ ಬರ್ಕೊಟ್ರೆ ಆಯ್ತು."

"ಗುಂಡಿನ ಸದ್ದಿಲ್ಲ, ಮನೆಗೆ ಗಾಳಿಯೂ ಚೆನ್ನಾಗಿ ಬರುತ್ತೆ," ಅಂದ ಭಾವ. "ಯುದ್ಧಕ್ಕಿಂತ ಸಾವಿರ ಪಾಲು ವಾಸಿ. ಏನಂತೀರಿ?"

ಕಾವಲುಗಾರರಿಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಮೂರು ವರ್ಷದಲ್ಲಿ ಎರಡೂ ಸಾಮ್ರಾಜ್ಯಗಳು ಸಹಿಯಿಲ್ಲದೆ ಒಪ್ಪಿದ ಮೊದಲ ಮಾತು ಅದು.

ಮಂಚ ಕಿರುಗುಟ್ಟಿತು.

"ಯಾರೇ ಅದು, ಚಿಕ್ಕೋಳಾ?"

"ಹ್ಞೂಂ ಅಮ್ಮ."

"ಬಂದ್ಯಾ ತಾಯಿ. ಬೆಳಗ್ಗೆಯಿಂದ ಒಂದೇ ಮಗ್ಗುಲಲ್ಲಿ ಬಿದ್ದಿದೀನಿ, ಬೆನ್ನು ಹಿಡ್ಕೊಂಡಿದೆ."

ಬೆರಳಚ್ಚುಗಾರ್ತಿ ದಂಡೆಯ ತನಕ ಬಂದಳು. ಕೈ ಚಾಚಿದರೆ ಮಂಚದ ಕಾಲು ಬೆರಳಿಗೆ ಸಿಗುವಷ್ಟು ದೂರ. ಈಚೆಯ ಕಾವಲುಗಾರ ನಿಯಮದ ಪುಸ್ತಕ ತೆರೆದ. ಆಚೆಯವನೂ ತನ್ನದನ್ನು ತೆರೆದ. ಅಕ್ಕ ಪಾತ್ರೆ ತೊಳೆಯಲು ಒಳಗೆ ಹೋದಳು.

"ಒಂಚೂರು ಎತ್ತಿ ಕೂರಿಸೇ," ಅಂದಳು ಅಮ್ಮ.